ಮೇಲಿಂದ ಹುಯ್ದ ನೀರು

ದುದ್ದದ ಕಡೆ ಮುಂಗಾರು ಬಿತ್ತು ಅಂದರೆ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಒಂದು ಆಲೂಗೆಡ್ಡೆ ಬಿತ್ತನೆ, ಇನ್ನೊಂದು ಇಸ್ಕೂಲು. ಇವೆರಡರ ಬೆನ್ನಿಗೇ ಮೂರನೆಯದೊಂದು ಬರುತ್ತದೆ. ಅದನ್ನ ಯಾರೂ ಕರೆಯೋದಿಲ್ಲ. ಜ್ವರ.

ಹಾಸನದಿಂದ ಅರಸೀಕೆರೆಗೆ ಹೋಗುವ ದಾರಿಯಲ್ಲಿ ದುದ್ದ ಸಿಗುತ್ತದೆ. ಹೋಬಳಿ ಊರು. ಅಲ್ಲಿಂದ ಒಳದಾರಿ ಹಿಡಿದರೆ ನಮ್ಮ ಹಳ್ಳಿ. ಹಳ್ಳಿಯ ಹೆಸರು ಇಲ್ಲಿ ಬೇಡ. ಬರೆದರೆ ಓದೋರು ಆ ಒಂದು ಊರನ್ನ ಬೈದು ಸುಮ್ಮನಾಗುತ್ತಾರೆ, ತಮ್ಮೂರಿನ ಇಸ್ಕೂಲಿನ ನಲ್ಲಿ ಕಡೆ ತಿರುಗಿ ನೋಡೋದಿಲ್ಲ. ಊರು ಮುಗಿದು, ಕೊನೇ ಲೈಟುಕಂಬ ದಾಟಿ, ತಗ್ಗಿಗೆ ಇಳಿದರೆ ನಮ್ಮ ಕೇರಿ. ಕಾಗದಪತ್ರದಲ್ಲಿ ಎ.ಕೆ. ಕಾಲೋನಿ. ಮಳೆ ನೀರು ಊರನ್ನೆಲ್ಲ ತೊಳೆದುಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತದೆ.

ಆಲೂಗೆಡ್ಡೆ ಎಲೆ ಮೇಲೆ ಕಪ್ಪು ಚುಕ್ಕಿ ಕಂಡರೆ ಸಾಕು, ಅಂಗಮಾರಿ ಬಂತು ಅಂತ ಊರಿಗೆ ಊರೇ ಎದ್ದು ಕೂರುತ್ತದೆ. ಔಷಧಿ ಅಂಗಡಿ ಮುಂದೆ ಜನ ಸೇರುತ್ತಾರೆ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೆಯೋರು ನಮ್ಮಪ್ಪಂದಿರು. ಪಕ್ಕದ ಹೊಲಕ್ಕೆ ಬಂದ ಅಂಗಮಾರಿ ತನ್ನ ಹೊಲಕ್ಕೂ ಬರುತ್ತದೆ ಅನ್ನೋದು ಎಲ್ಲ ಗೌಡರಿಗೂ ಗೊತ್ತು. ರೋಗಕ್ಕೆ ಬದು ಇಲ್ಲ ಅನ್ನೋದನ್ನ ಅವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಮಕ್ಕಳ ವಿಷಯ ಬಂದಾಗ ಮಾತ್ರ ಈ ತಿಳಿವಳಿಕೆ ಮಂಕಾಗುತ್ತದೆ. ಊರಿನ ಮಗುವಿಗೆ ಬಂದರೆ ಅದು ದೃಷ್ಟಿ, ಇಲ್ಲಾ ಹವಾ. ಕೇರಿಯ ಮಗುವಿಗೆ ಬಂದರೆ ಅದು ಕೇರಿಯ ಗಲೀಜು.

ನಾವು ಪದ್ಯ ಬರೆಯೋರು. ಸೋಪು, ಡ್ರಮ್ಮು, ಸೊಳ್ಳೆ ಮರಿ ಇವುಗಳ ಜೊತೆ ನಮಗೇನು ಕೆಲಸ ಅಂತ ಗೆಳೆಯರು ಕೇಳಬಹುದು. ನಮ್ಮ ಮನೇಲಿ ಡಿಗ್ರಿ ಮಾಡಿದ ಮೊದಲನೆಯವರು ನಾವು. ಅವ್ವ ಹೆಬ್ಬೆಟ್ಟು. ಡಿಗ್ರಿ ಕಾಗದ ತಂದು ತೋರಿಸಿದ ದಿನ ಅದನ್ನ ತಿರುಗಾಮುರುಗಾ ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು: "ಇಷ್ಟು ಓದಿದೀಯಲ್ಲ ಮಗ, ಮಳೆಗಾಲ ಬತ್ತಿದ್ದಂಗೇ ಇಸ್ಕೂಲು ಮಕ್ಳೆಲ್ಲ ಯಾಕೆ ಹಿಂಗೆ ಮಕಾಡೆ ಬೀಳ್ತವೆ? ಅದ ಓದಿದ್ದೀಯಾ?" ಓದಿರಲಿಲ್ಲ. ಈ ಬರಹ ಅವ್ವನಿಗೆ ಕೊಡಬೇಕಾಗಿದ್ದ ಬಾಕಿ ಉತ್ತರ.

ನಮಗೆ ನೆನಪಿರುವ ಮೊದಲ ಜ್ವರ 2006ರದ್ದು. ಆಗ ನಾವು ಒಂದನೇ ಕ್ಲಾಸು. ಕೇರಿಯ ಒಂದೊಂದು ಮನೇಲೂ ಇಬ್ಬರು ಮೂವರು ಚಾಪೆ ಹಿಡಿದರು. ಕೀಲುಕೀಲು ನೋವು, ಕೂತರೆ ಏಳೋಕಾಗದು, ಎದ್ದರೆ ನಡು ನೆಟ್ಟಗಾಗದು. ಚಿಕೂನ್‌ಗುನ್ಯ ಅಂದರು. ಆ ವರ್ಷ ದೇಶದಲ್ಲಿ ಸುಮಾರು 13.9 ಲಕ್ಷ ಜನಕ್ಕೆ ಅದು ಬಂದಿರಬಹುದು ಅಂತ ಸರ್ಕಾರ ಲೆಕ್ಕ ಹಾಕಿತು. ಅದರಲ್ಲಿ 7.6 ಲಕ್ಷ ನಮ್ಮ ಕರ್ನಾಟಕದ್ದೇ. ಲೆಕ್ಕದ ಪುಸ್ತಕದಲ್ಲಿ ಜ್ವರ ಬಂದವರಿದ್ದಾರೆ. ಹೋದ ಕೂಲಿ ಆ ಪುಸ್ತಕದಲ್ಲಿಲ್ಲ. ಅಪ್ಪ ಎರಡು ತಿಂಗಳು ಗುದ್ದಲಿ ಹಿಡಿಯಲಿಲ್ಲ. ಮನೇಲಿದ್ದ ಎರಡು ಮೇಕೆ ಹೋದವು.

ಆ ಹೆಸರಿನ ಅರ್ಥ ನಮಗೆ ತಿಳಿದದ್ದು ಬಹಳ ವರ್ಷದ ಮೇಲೆ. ಆಫ್ರಿಕಾದ ಟಾಂಜಾನಿಯಾ ಸೀಮೆಯ ಮಕೊಂಡೆ ಜನರ ಮಾತು ಅದು. 1952ರಲ್ಲಿ ಅವರ ನಡುವೆ ಈ ಜ್ವರ ಹಬ್ಬಿದಾಗ ಬಂದ ಹೆಸರು. ಬಾಗಿಸಿಬಿಡುವಂಥದ್ದು ಅಂತ ಅರ್ಥ. ಆದರೆ ನಮ್ಮೂರಲ್ಲಿ ಅದಕ್ಕೆ ಬೇರೆ ಅರ್ಥ ಹುಟ್ಟಿತ್ತು. ಚಿಕನ್ ತಿಂದೋರಿಗೆ ಚಿಕೂನ್‌ಗುನ್ಯ ಅಂತ. ಗೌಡರ ಮನೇಲೂ ಹಬ್ಬಕ್ಕೆ ಕೋಳಿ ಕೊಯ್ಯುತ್ತಿದ್ದರು. ಆದರೂ ರೋಗದ ಪಾಲು ಹಂಚುವ ಹೊತ್ತಿಗೆ ಕೋಳಿ ತಿನ್ನೋರು ನಾವಷ್ಟೇ ಆಗಿಹೋದೆವು. ಇಸ್ಕೂಲಿನಲ್ಲಿ ನಮ್ಮನ್ನ ಬಾಗಿಲ ಕಡೆಗೆ ಸರಿಸಿ ಕೂರಿಸಿದರು. ಸೊಳ್ಳೆಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಅದು ಮುಂದಿನ ಸಾಲಿನವರನ್ನೂ ಕಚ್ಚಿತು.

ಎರಡನೆಯದು ನಾಲ್ಕನೇ ಕ್ಲಾಸಿನ ನೆನಪು. ಇಸ್ಕೂಲಿನ ಮೂಲೇಲಿ ಒಂದು ಪ್ಲಾಸ್ಟಿಕ್ ಡ್ರಮ್ಮು. ಅದರ ಮುಚ್ಚಳದ ಮೇಲೆ ಒಂದು ಸ್ಟೀಲು ಲೋಟ. ಊರಿನ ಮಕ್ಕಳು ಮುಚ್ಚಳ ಸರಿಸಿ, ಲೋಟದ ಜೊತೆ ಮೊಣಕೈವರೆಗೂ ಇಳಿಸಿ ನೀರು ಎತ್ತಿಕೊಂಡು ಕುಡಿಯೋರು. ನಾವು ಹೊರಗೆ ಜಗಲಿ ಅಂಚಿನಲ್ಲಿ ಬೊಗಸೆ ಒಡ್ಡಿ ನಿಲ್ಲಬೇಕು. ಯಾರಾದರೂ ಕನಿಕರ ಬಂದೋರು ಮೇಲಿಂದ ಹುಯ್ಯಬೇಕು. ಕುಡಿದದ್ದು ಅರ್ಧ, ಅಂಗಿ ಮೇಲೆ ಚೆಲ್ಲಿದ್ದು ಅರ್ಧ. ಇಷ್ಟು ವಯಸ್ಸಾದ ಮೇಲೂ ಯಾರಾದರೂ ಎತ್ತರದಿಂದ ನೀರು ಹುಯ್ದರೆ ನಮ್ಮ ಅಂಗಿಯ ಎದೆ ಒದ್ದೆಯಾದ ಹಾಗೆ ಅನ್ನಿಸುತ್ತದೆ.

ಆ ವರ್ಷ ಆಷಾಢದಲ್ಲಿ ಮಕ್ಕಳಿಗೆ ವಾಂತಿಭೇದಿ ಶುರುವಾಯಿತು. ಮೊದಲು ಬಿದ್ದದ್ದು ಊರಿನ ಮಕ್ಕಳೇ. ಎಂಟು ಹತ್ತು ಜನ. ಕೇರಿಯಲ್ಲಿ ಇಬ್ಬರಿಗೆ ಬಂದದ್ದು ಆಮೇಲೆ. ಆದರೆ ಮಾತು ಹುಟ್ಟಿದ್ದು ಹೀಗೆ: "ಕೇರಿ ಮಕ್ಕಳು ಒಂದು ವಾರ ಇಸ್ಕೂಲಿಗೆ ಬರೋದು ಬ್ಯಾಡ." ಭೇದಿ ಇದ್ದೋರು ಇಲ್ಲದೋರು ಅಂತ ಕೇಳಲಿಲ್ಲ. ನಾವೆಲ್ಲ ಚೀಲ ಹೆಗಲಿಗೆ ಹಾಕಿಕೊಂಡು ತಗ್ಗಿಗೆ ಇಳಿದೆವು. ಊರಿನಲ್ಲಿ ಭೇದಿ ಇದ್ದ ಮಕ್ಕಳು ಎರಡೇ ದಿನಕ್ಕೆ ಬಂದು ಕೂತರು, ಅದೇ ಡ್ರಮ್ಮಿಗೆ ಕೈ ಹಾಕಿದರು. ವಾರ ಕಳೆಯಿತು. ಭೇದಿ ನಿಂತಿತು. ನಾವು ವಾಪಸು ಬಂದೆವು. ಡ್ರಮ್ಮಿನ ಕಟ್ಟಳೆ ಮಾತ್ರ ನಿಲ್ಲಲಿಲ್ಲ.

ಡಿಗ್ರಿ ಓದುವಾಗ ಒಂದು ಎನ್.ಎಸ್.ಎಸ್. ಶಿಬಿರಕ್ಕೆ ಹೋಗಿದ್ದೆವು. ಆರೋಗ್ಯ ಇಲಾಖೆಯ ಒಬ್ಬ ಅಕ್ಕ ಬಂದು ಕುಡಿಯುವ ನೀರಿನ ಪಾಠ ಮಾಡಿದರು. ಪಾತ್ರೆಗೆ ಮುಚ್ಚಳ ಇರಬೇಕು. ಒಳಗೆ ಕೈ ಅದ್ದಬಾರದು. ಉದ್ದ ಹಿಡಿಯ ಸೌಟಿನಿಂದ ಎತ್ತಿ ಮೇಲಿಂದ ಹುಯ್ಯಬೇಕು, ಇಲ್ಲವೇ ಪಾತ್ರೆಗೇ ನಲ್ಲಿ ಕೂರಿಸಬೇಕು. ಉಗುರಿನ ಸಂದಿಯಲ್ಲಿರುವ ಕಣ್ಣಿಗೆ ಕಾಣದ ಮಲದ ಚೂರು ನೀರಿಗೆ ಸೇರಿದರೆ ಕಾಲರಾ, ಟೈಫಾಯ್ಡು, ಭೇದಿ, ಕಾಮಾಲೆ ಎಲ್ಲವೂ ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ ಅಂದರು. ನಾವು ನಕ್ಕುಬಿಟ್ಟೆವು. ಪಕ್ಕದಲ್ಲಿದ್ದೋರು ಯಾಕೆ ನಗ್ತೀರಿ ಅಂದರು. ಹೇಳೋಕಾಗಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ನಮಗೆ ಮೇಲಿಂದ ಹುಯ್ದ ನೀರೇ ಸರಿಯಾದ ನೀರಾಗಿತ್ತು. ಡ್ರಮ್ಮನ್ನ ಮುಟ್ಟಬಾರದ ಕೈ ನಮ್ಮದು ಅಂತ ಅವರು ತೀರ್ಮಾನ ಮಾಡಿದ್ದರು. ಡ್ರಮ್ಮನ್ನ ಮುಟ್ಟಬಾರದ ಕೈ ಎಲ್ಲರದೂ ಆಗಿತ್ತು. ಆ ಭೇದಿ ನಿಜವಾಗಿ ಡ್ರಮ್ಮಿನಿಂದಲೇ ಬಂತು ಅಂತ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದೋರು ಯಾರೂ ಇಲ್ಲ. ಆದರೆ ಬಿದ್ದೋರ ಸಾಲು ನೆನೆಸಿಕೊಂಡರೆ ಹಂಗೇ ಇರಬೇಕು ಅನ್ನಿಸುತ್ತದೆ.

ಗೆಳೆಯರೇ, ಈ ಬರಹ ಹೇಳಬೇಕೆಂದಿರುವುದು ಇಷ್ಟೇ. ಅಂತರ ಎಲ್ಲರಿಗೂ ಒಂದೇ ಆಗಿದ್ದರೆ ಅದು ಆರೋಗ್ಯ. ಕೆಲವರಿಗೆ ಮಾತ್ರ ಇದ್ದರೆ ಅದು ಜಾತಿ. ರೋಗಕ್ಕಾಗಿ ದೂರ ಇಡುವುದಕ್ಕೆ ದಿನದ ಲೆಕ್ಕ ಇರುತ್ತದೆ. ಫ್ಲೂ ಜ್ವರದ ಮಗು, ಮಾತ್ರೆ ಇಲ್ಲದೆ ಜ್ವರ ಬಿಟ್ಟು ಒಂದು ದಿನ ಕಳೆದ ಮೇಲೆ ಬರಬಹುದು. ಸೀತಾಳೆ ಸಿಡುಬಿನ ಮಗು, ಗುಳ್ಳೆಯೆಲ್ಲ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಬರಬಹುದು. ನಮ್ಮವ್ವ ಅಮ್ಮ ಬಂದೈತೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಮಗುವನ್ನ ಒಳಗೇ ಇಟ್ಟುಕೊಳ್ಳುತ್ತಿದ್ದಳಲ್ಲ, ಅದರಲ್ಲಿ ದೇವರ ಮಾತು ಏನೇ ಇರಲಿ, ಮಗುವನ್ನ ಮನೇಲಿ ಇಟ್ಟದ್ದು ಸರಿ. ಆ ಸೊಪ್ಪಿಗೂ ಒಂದು ಕೊನೇ ದಿನ ಇತ್ತು, ನೀರು ಹಾಕಿ ತೆಗೀತಿದ್ದಳು. ಊರು ನಮ್ಮ ಕೇರಿಗೆ ಕಟ್ಟಿದ ಸೊಪ್ಪನ್ನ ತೆಗೆಯೋ ದಿನ ಮಾತ್ರ ಯಾವ ಪಂಚಾಂಗದಲ್ಲೂ ಬರೆದಿಲ್ಲ.

ಹಿಂದೆ ಪ್ಲೇಗು, ಸಿಡುಬು, ಕಾಲರಾ ಬಂದರೆ ಹಳ್ಳಿಗಳಲ್ಲಿ ಮಾರಿಯನ್ನ ಗಡಿ ದಾಟಿಸುತ್ತಿದ್ದರು. ತಮಟೆ ಬಡಿದುಕೊಂಡು ಹೋಗಿ ಊರಿನ ಎಲ್ಲೆಯಲ್ಲಿ ಬಿಟ್ಟು ಬರೋದು. ಆ ಎಲ್ಲೆಯಲ್ಲಿ ಯಾರಿದ್ದರು? ನಮ್ಮ ಮನೆಗಳಿದ್ದವು. ತಮಟೆ ಬಡಿದವರೂ ನಮ್ಮವರೇ.

ಮಡಿಗೂ ಶುಚಿಗೂ ಸಂಬಂಧ ಇಲ್ಲ ಅನ್ನೋದಕ್ಕೆ ಮಹಾಡಿನ ಚೌದಾರ್ ಕೆರೆಗಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ಕೆರೆಯ ನೀರು ಕುಡಿದರು. ಕೆರೆ ಮೈಲಿಗೆ ಆಯಿತು ಅಂತ ಸನಾತನಿಗಳು ಆಮೇಲೆ ಅದನ್ನ ಶುದ್ಧ ಮಾಡಿದರು. 108 ಮಡಕೆಗಳಲ್ಲಿ ಹಾಲು, ಮೊಸರು, ಸಗಣಿ, ಗಂಜಲ ತುಂಬಿ ಕೆರೆಗೆ ಸುರಿದರು. ಕುಡಿಯುವ ನೀರಿಗೆ ಸಗಣಿ ಸುರಿಯೋದು ಶುದ್ಧಿ, ಮನುಷ್ಯನ ಬೊಗಸೆ ತಾಗಿದರೆ ಮೈಲಿಗೆ! ಇಸ್ಕೂಲಿನಲ್ಲಿ ಜವಾನ ನಲ್ಲಿ ತಿರುಗಿಸಿದರೆ ಮಾತ್ರ ತಮಗೆ ನೀರು, ಅವನು ಇಲ್ಲದ ದಿನ ಬಾಯಾರಿಕೆಯೇ ಗತಿಯಾಗಿತ್ತು ಅಂತ ಅಂಬೇಡ್ಕರ್ ತಮ್ಮ ಬಾಲ್ಯದ ನೆನಪಿನಲ್ಲಿ ಬರೆದಿದ್ದಾರೆ. ಅದನ್ನ ಓದಿದಾಗ ಸಾತಾರದ ಆ ನಲ್ಲಿ ನಮ್ಮ ಇಸ್ಕೂಲಿನ ಮೂಲೇಲೇ ಇದ್ದ ಹಾಗೆ ಕಂಡಿತು.

2020ರಲ್ಲಿ ಕೊರೊನಾ ಬಂತು. ರೇಡಿಯೋ, ಫೋನು, ಗೋಡೆ ಎಲ್ಲ ಕಡೆ 'ಸಾಮಾಜಿಕ ಅಂತರ ಕಾಪಾಡಿ' ಅನ್ನೋ ಮಾತು. ಕೇರಿಯ ಮುದುಕರು ಜಗಲಿ ಮೇಲೆ ಕೂತು ನಕ್ಕರು. "ಇದನ್ನ ನಮಗೆ ಯಾಕೆ ಹೇಳಿಕೊಡ್ತಾರ್ಲಾ? ನಾವು ಕಾಪಾಡಿಕೊಂಡೇ ಬಂದಿಲ್ವಾ?" ಆ ಪದ ಸರಿಯಿಲ್ಲ, ದೈಹಿಕ ಅಂತರ ಅನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷದ ಮಾರ್ಚಿನಲ್ಲೇ ಹೇಳಿತ್ತು. ನಮ್ಮೂರ ಗೋಡೆಗೆ ಆ ತಿದ್ದುಪಡಿ ಬರಲಿಲ್ಲ.

ಈಗ 2024ರ ಮಾತು. ಆ ವರ್ಷ ಜೂನ್ ಜುಲೈನಲ್ಲಿ ಡೆಂಗ್ಯೂ ಶಂಕೆಯಿಂದ ನಮ್ಮ ಹಾಸನ ಜಿಲ್ಲೆಯಲ್ಲಿ ಮಕ್ಕಳು ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ನಮ್ಮ ಅಕ್ಕನ ಮಗಳು ಆಗ ಮೂರನೇ ಕ್ಲಾಸು. ಸೋಮವಾರ ಜ್ವರ ಬಂತು. ಮೂರು ದಿನ ಸುಟ್ಟಿತು. ಗುರುವಾರ ಮೈ ತಣ್ಣಗಾಯಿತು. ಬದುಕಿಕೊಂಡಿತು ಅಂದುಕೊಂಡೆವು. ಅಕ್ಕನಿಗೆ ಆಲೂಗೆಡ್ಡೆ ಸಾಲಿಗೆ ಮಣ್ಣು ಏರಿಸೋ ಕೂಲಿ ಇತ್ತು. ಮನೇಲಿ ಒಂದೇ ಮಗುವನ್ನ ಬಿಟ್ಟರೆ ಮಧ್ಯಾಹ್ನ ಅನ್ನ ಹಾಕೋರು ಯಾರು? ಇಸ್ಕೂಲಿನಲ್ಲಾದರೆ ಊಟ, ಮೊಟ್ಟೆ ಇದೆ. ತಲೆ ಬಾಚಿ ಕಳಿಸಿದಳು.

ಇಸ್ಕೂಲಿನಲ್ಲಿ ಮಗು ಹೊಟ್ಟೆ ಹಿಡಿದುಕೊಂಡು ಮಲಗಿತಂತೆ. ಎರಡು ಸಲ ವಾಂತಿ. ಊರ ಕಡೆಯ ಟೀಚರಮ್ಮ, ಹೋದ ವರ್ಷವಷ್ಟೇ ವರ್ಗವಾಗಿ ಬಂದವರು, ಹಣೆ ಮುಟ್ಟಿ ನೋಡಿದರು. ಕೈಕಾಲು ತಣ್ಣಗೆ, ಬೆವರು. ಜ್ವರ ಬಿಟ್ಟಿದೆ ಮಲಗಲಿ ಅಂತ ಅವರು ಸುಮ್ಮನಿರಲಿಲ್ಲ. ಆಶಾ ಅಕ್ಕನಿಗೆ ಫೋನು ಮಾಡಿ, ಮಗುವನ್ನ ಮಡಿಲಿಗೆ ಹಾಕಿಕೊಂಡು ಒಬ್ಬರ ಬೈಕಿನ ಹಿಂದೆ ಕೂತು ಹಾಸನಕ್ಕೆ ಹೊರಟರು. ದಾರೀಲಿ ಮಗು ಅವರ ಸೀರೆ ಮೇಲೇ ವಾಂತಿ ಮಾಡಿತು. ನಾವು ಆಸ್ಪತ್ರೆಗೆ ಓಡಿ ಹೋದಾಗ ಅದೇ ಸೀರೆಯಲ್ಲಿ ಕೂತಿದ್ದರು. ಐದು ದಿನ ಡ್ರಿಪ್ ಹಾಕಿದರು. ಮಗು ಉಳೀತು.

ಡಾಕ್ಟರು ಹೇಳಿದ ಮಾತನ್ನ ಎಲ್ಲ ಮೇಷ್ಟ್ರುಗಳೂ ಎಲ್ಲ ಅವ್ವಂದಿರೂ ತಿಳಿದಿರಬೇಕು. ಡೆಂಗ್ಯೂನಲ್ಲಿ ಅಪಾಯ ಬರೋದು ಜ್ವರ ಏರಿದಾಗಲ್ಲ, ಇಳಿಯೋ ಹೊತ್ತಿಗೆ. ಮೂರರಿಂದ ಏಳನೇ ದಿನದ ಒಳಗೆ. ಹೊಟ್ಟೆ ನೋವು, ಬಿಡದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಮಂಪರು, ತಣ್ಣನೆ ಕೈಕಾಲು ಕಂಡರೆ ತಡ ಮಾಡಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ, ಆಸ್ಪಿರಿನ್ ನುಂಗಿಸಿದರೆ ರಕ್ತಸ್ರಾವ ಹೆಚ್ಚಬಹುದು.

ಆ ಮೇಲೆ ಕೇರಿಗೆ ಲಾರ್ವಾ ನೋಡೋರು ಬಂದರು. ಅಕ್ಕನ ಮನೆಯ ಡ್ರಮ್ಮಿಗೆ ಟಾರ್ಚು ಬಿಟ್ಟರು. ಸೊಳ್ಳೆ ಮರಿ ಕುಣೀತಿದ್ದವು. "ನೀವು ಕ್ಲೀನಾಗಿರಲ್ಲ" ಅಂದರು. ಅಕ್ಕ ಅವಮಾನಕ್ಕೆ ತಲೆ ತಗ್ಗಿಸಿದಳು. ಆದರೆ ಈ ಸೊಳ್ಳೆ ಚರಂಡಿಯ ಕೊಳಕು ನೀರಿನದಲ್ಲ. ಈಡಿಸ್ ಅಂತ ಅದರ ಹೆಸರು. ಕಾಲಿನಲ್ಲಿ ಬಿಳೀ ಪಟ್ಟೆ. ಅದು ಮೊಟ್ಟೆ ಇಡೋದು ತಿಳಿ ನೀರಿನಲ್ಲಿ, ನಾವು ಜೋಪಾನವಾಗಿ ಹಿಡಿದಿಟ್ಟ ನೀರಿನಲ್ಲಿ. ನೀರು ಹಿಡಿದಿಟ್ಟದ್ದು ಯಾಕೆ? ಕೇರಿಯ ನಲ್ಲಿಗೆ ನೀರು ಬರೋದು ನಾಲ್ಕು ದಿನಕ್ಕೊಮ್ಮೆ. ಪೈಪಿನ ಕೊನೆ ನಮ್ಮದು. 2019ರಲ್ಲಿ ಶುರುವಾದ ಜಲಜೀವನ ಯೋಜನೆಯ ಲೆಕ್ಕದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ನೀರು. ದಿನಾ ನೀರು ಬಂದರೆ ಡ್ರಮ್ಮು ಯಾರಿಗೆ ಬೇಕು?

2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗ್ಯೂವನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ. ಶಾಲೆ, ಕಚೇರಿ, ಅಂಗಡಿಗಾದರೆ ಹಳ್ಳಿಯಲ್ಲಿ 500. ಕಾನೂನು ಬೇಡ ಅಂತ ನಾವು ಹೇಳುತ್ತಿಲ್ಲ. ಡ್ರಮ್ಮಿನಲ್ಲಿ ಮರಿ ಇದ್ದರೆ ದಂಡ ಇದೆ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಯಾರಿಗೆ ದಂಡ? ಇದು ನಮ್ಮ ಪ್ರಶ್ನೆ.

ಇನ್ನೊಂದು ಸಂಗತಿ. ಈಡಿಸ್ ಕಚ್ಚೋದು ಹಗಲಿನಲ್ಲಿ. ಬೆಳಗಿನ ಹೊತ್ತು, ಸಂಜೆ ಇಳಿಯೋ ಹೊತ್ತು ಜಾಸ್ತಿ. ಹಾಗಾಗಿ ರಾತ್ರಿ ಮನೇಲಿ ಸೊಳ್ಳೆಪರದೆ ಕಟ್ಟಿದರೆ ಮಾತ್ರ ಸಾಲದು, ಮಗು ಹಗಲೆಲ್ಲ ಇರೋದು ಇಸ್ಕೂಲಿನಲ್ಲಿ. ಮುಚ್ಚಳ ಒಡೆದ ಸಿಂಟೆಕ್ಸು, ಹಿತ್ತಲಿನ ಎಳನೀರು ಬುರುಡೆ, ತೆಂಗಿನ ಚಿಪ್ಪು, ಹಳೇ ಟೈರು, ಬೀಗ ಹಾಕಿದ ಕಕ್ಕಸಿನ ತೊಟ್ಟಿ ಇವೆಲ್ಲ ಸೊಳ್ಳೆಯ ಹೆರಿಗೆಮನೆ. ಮೊಟ್ಟೆಯಿಂದ ರೆಕ್ಕೆ ಬರೋಕೆ ಏಳರಿಂದ ಹತ್ತು ದಿನ. ವಾರಕ್ಕೊಂದು ಸಲ ಎಲ್ಲವನ್ನೂ ಖಾಲಿ ಮಾಡಿದರೆ ಒಂದೂ ಹಾರುವುದಿಲ್ಲ. ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನ ಉಜ್ಜಬೇಕು. ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಬಿದ್ದಾಗ ಒಡೆಯುತ್ತದೆ.

ಉಜ್ಜೋರು ಯಾರು? ಇಲ್ಲಿ ಮತ್ತೆ ಜಾತಿ ಎದ್ದು ನಿಲ್ಲುತ್ತದೆ. ನಾವು ಓದುವಾಗ ಊರಿನ ಮಕ್ಕಳಿಗೆ ಹೂಗಿಡಕ್ಕೆ ನೀರು ಹಾಕೋ ಕೆಲಸ, ನಮಗೆ ಕಕ್ಕಸು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ ಈ ರಾಜ್ಯದಲ್ಲಿ ನಿಲ್ಲಿಸಿದರು. 2013ರಲ್ಲಿ ದೇಶಕ್ಕೇ ಕಟ್ಟುನಿಟ್ಟಿನ ಕಾನೂನು ಬಂತು. ಇಷ್ಟಾದರೂ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ ಸುದ್ದಿ ಓದಿದೆವು. ಅಲ್ಲಿ ಶುಚಿಯಾದದ್ದು ಗುಂಡಿ. ರೋಗದ ಬಾಯಿಗೆ ಹೋದದ್ದು ಮಕ್ಕಳು. ಶಾಲೆಯ ಶುಚಿತ್ವಕ್ಕೆ ಸಂಬಳದ ಆಳು ಬೇಕು, ಕೈಗವಸು ಬೇಕು, ನೀರು ಬೇಕು. ಡ್ರಮ್ಮು ಉಜ್ಜೋದು, ಚಿಪ್ಪು ಎತ್ತೋದು ಮಕ್ಕಳ ಕೆಲಸ ಅನ್ನೋದಾದರೆ ಹಾಜರಿ ಪುಸ್ತಕದ ಸಾಲಿನಲ್ಲಿ ಎಲ್ಲ ಮಕ್ಕಳದೂ ಸರದಿ ಬರಲಿ, ಮೇಷ್ಟ್ರದೂ ಬರಲಿ.

ನಮ್ಮವರ ತಪ್ಪನ್ನ ಮುಚ್ಚಿಡೋದಿಲ್ಲ. ಜ್ವರ ಬಂದರೆ ಅಂತ್ರ ಕಟ್ಟಿಸಿ ಎರಡು ದಿನ ಕಾಯ್ತೀವಿ. ಒಂದು ಸೂಜಿ ಚುಚ್ಚಿದರೆ ವಾಸಿ ಅಂತ ಓದಿಲ್ಲದ ಡಾಕ್ಟರ ಹತ್ತಿರ ಹೋಗ್ತೀವಿ. ಇನ್ನೂ ನಾಚಿಕೆಯ ಮಾತು: ನಮ್ಮ ಕೇರಿಯ ಒಳಗೂ ಒಂದು ಮೂಲೆ ಇದೆ, ಬಲಗೈಯವರು ಎಡಗೈಯವರ ಕೊಡ ಮುಟ್ಟದ ಮೂಲೆ. ಊರನ್ನ ಪ್ರಶ್ನೆ ಕೇಳೋ ನಾವು ಆ ಮೂಲೆಗೆ ಮೊದಲು ಹೋಗಿ ನೀರು ಕುಡಿಯಬೇಕು.

ಹಳ್ಳಿ ಮೇಷ್ಟ್ರುಗಳೇ, ನಿಮ್ಮಲ್ಲಿ ಕೆಲವು ಮಾತು ಕೇಳ್ತೀವಿ. ಹಾಜರಿ ಕೂಗುವಾಗ ಬಾರದ ಮಗುವಿನ ಹೆಸರಿನ ಮುಂದೆ ಯಾಕೆ ಬಂದಿಲ್ಲ ಅಂತ ಒಂದು ಅಕ್ಷರ ಬರೀರಿ. ಒಂದೇ ಬೀದಿಯ ಮೂರು ನಾಲ್ಕು ಮಕ್ಕಳಿಗೆ ಒಂದೇ ವಾರದಲ್ಲಿ ಜ್ವರವೋ ಭೇದಿಯೋ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅವತ್ತೇ ಫೋನು ಮಾಡಿ. ಸೋಪಿಗೆ ದುಡ್ಡಿಲ್ಲ ಅನ್ನಬೇಡಿ. ಬಾಟಲಿ ನೀರಿಗೆ ಒಂದಿಷ್ಟು ಬಟ್ಟೆ ಪುಡಿ ಕಲಸಿ, ಮುಚ್ಚಳಕ್ಕೆ ತೂತು ಮಾಡಿದರೆ ನೂರು ಮಕ್ಕಳ ಕೈ ತೊಳೆಯುತ್ತದೆ. 20 ಸೆಕೆಂಡು ಉಜ್ಜಬೇಕು. ಗಡಿಯಾರ ಬೇಡ, ಎರಡರ ಮಗ್ಗಿ ನಿಧಾನಕ್ಕೆ ಕೊನೇವರೆಗೂ ಹೇಳಿಸಿ, ಲೆಕ್ಕವೂ ಬಂದ ಹಾಗಾಯಿತು. ಭೇದಿ ಹತ್ತಿದ ಮಗುವಿಗೆ ಓ.ಆರ್.ಎಸ್. ಸಿಗದಿದ್ದರೆ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಸಕ್ಕರೆ, ಅರ್ಧ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿ.

ಕಾಯಿಲೆ ಮಗುವನ್ನ ಕಳಿಸಬೇಡಿ ಅಂತ ಕೂಲಿಯವಳಿಗೆ ಹೇಳೋದು ಸುಲಭ. ಅವಳ ಮಗು ಇಸ್ಕೂಲಿಗೆ ಬರೋದು ಅನ್ನಕ್ಕೂ ಹೌದು. ಜ್ವರದ ಮಗುವಿನ ಪಾಲಿನ ಊಟ, ಮೊಟ್ಟೆ ಅದರ ಮನೆಗೆ ಹೋಗೋ ದಾರಿಯನ್ನ ಎಸ್.ಡಿ.ಎಂ.ಸಿ.ಯಲ್ಲಿ ಕೂತು ಹುಡುಕಿ. ರಜೆ ಹಾಕಿದ್ದಕ್ಕೆ ಹಾಜರಿ ಲೆಕ್ಕ ತೋರಿಸಿ ಹೆದರಿಸಬೇಡಿ. ಕಾಲೇಜು ಹುಡುಗರೇ, ಸಂಘಟನೆಯ ಗೆಳೆಯರೇ, ಅಂಬೇಡ್ಕರ್ ಜಯಂತಿಗೆ ಬ್ಯಾನರು ಕಟ್ಟೋ ನಾವು ಜೂನಿನ ಶನಿವಾರಗಳಂದು ಒಂದು ಬ್ರಷ್ಷು ಹಿಡಿದು ಕೇರಿಯ ಡ್ರಮ್ಮು ಉಜ್ಜೋಣ. ಸೋಮವಾರ ಅದೇ ಕೈಯಲ್ಲಿ ನೀರಿಗಾಗಿ ಅರ್ಜಿ ಹಿಡಿದು ಪಂಚಾಯ್ತಿ ಮುಂದೆ ಕೂರೋಣ. ಎರಡರಲ್ಲಿ ಒಂದನ್ನೇ ಮಾಡಿದರೆ ಅದು ಅರ್ಧ ಕೆಲಸ.

1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಸಾವಿತ್ರಿಬಾಯಿ ಫುಲೆ ತಮ್ಮ ಮಗ ಯಶವಂತನ ಚಿಕಿತ್ಸಾಲಯಕ್ಕೆ ರೋಗಿಗಳನ್ನ ಕರೆತರುತ್ತಿದ್ದರು. ಪ್ಲೇಗು ತಗುಲಿದ ಒಂದು ಮಹಾರ್ ಹುಡುಗನನ್ನ ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಉಳಿದ. ರೋಗ ಅವರಿಗೆ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಅಕ್ಷರ ಕಲಿಸಿದ ಅವ್ವ ಅಂತ ಅವರನ್ನ ಎಲ್ಲರೂ ನೆನೆಯುತ್ತಾರೆ. ಕಾಯಿಲೆ ಮಗುವನ್ನ ಮುಟ್ಟಿದ ಟೀಚರಮ್ಮ ಅಂತಲೂ ನೆನೆಯಬೇಕು. ವಾಂತಿಯಾದ ಸೀರೆಯಲ್ಲಿ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದವರನ್ನ ನೋಡಿದಾಗ ನಮಗೆ ನೆನಪಾದದ್ದು ಆ ಬೆನ್ನು.

ಆ ಟೀಚರಮ್ಮನ ಹಟಕ್ಕೆ ಇಸ್ಕೂಲಿಗೆ ಈಗ ನಾಲ್ಕು ನಲ್ಲಿಯ ಸ್ಟೀಲು ತೊಟ್ಟಿ ಬಂದಿದೆ. ಊರು ಕೇರಿ ಮಕ್ಕಳೆಲ್ಲ ಒಂದೇ ಸಾಲು. ಊರಿನ ನಾಲ್ಕಾರು ಮನೆಯವರು ಮಕ್ಕಳನ್ನ ಬಿಡಿಸಿ ವ್ಯಾನು ಹತ್ತಿಸಿದರು. ಉಳಿದೋರು ಉಳಿದರು. ಕೇರಿಗೆ ನೀರು ಇನ್ನೂ ನಾಲ್ಕು ದಿನಕ್ಕೊಮ್ಮೆಯೇ.

ಹೋದ ಸಲ ಊರಿಗೆ ಹೋದಾಗ ಅಕ್ಕನ ಮನೇಲಿದ್ದೆವು. ಅವ್ವ ಹೊಲದಿಂದ ಬಂದವಳೇ ಡ್ರಮ್ಮಿನ ಬಟ್ಟೆ ಸರಿಸಿ ಚೊಂಬು ಇಳಿಸೋಕೆ ಹೋದಳು. ಮಗು ಒಳಗಿಂದ ಕೂಗಿತು: "ಅಜ್ಜೀ, ಕೈ ಅದ್ದಬ್ಯಾಡ!" ಅವ್ವ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. ಅರವತ್ತು ವರ್ಷ ಕೇಳಿದ ಮಾತು ಅದು, ತನ್ನ ಮನೆಯೊಳಗೆ, ಮೊಮ್ಮಗಳ ಬಾಯಲ್ಲಿ. ಮಗು ಓಡಿಬಂದು ಗೂಟದಲ್ಲಿದ್ದ ಉದ್ದ ಹಿಡಿಯ ಸೌಟು ತೆಗೆದು ನೀರು ಎತ್ತಿತು. ಅವ್ವ ಅಭ್ಯಾಸದಂತೆ ಬಗ್ಗಿ ಬೊಗಸೆ ಒಡ್ಡಿದಳು.

"ಬಗ್ಗಬ್ಯಾಡ ಅಜ್ಜಿ, ಲೋಟ ಹಿಡಿ" ಅಂದಿತು ಮಗು. "ಎಲ್ಲರ್ಗೂ ಹಿಂಗೇ ಹುಯ್ಯೋದು."

ಅವ್ವ ನೆಟ್ಟಗೆ ನಿಂತು ಲೋಟ ಹಿಡಿದಳು.